ಪಕ್ಕದ ಕಂಪ್ಯೂಟರ್

ನೌಕರಿ ಪರೀಕ್ಷೆ ಶುರುವಾದರೂ ಮೂಲೆಯ ಕಂಪ್ಯೂಟರ್ ನೆಟ್‌ವರ್ಕ್ ಸಿಗದೆ ಕಪ್ಪು ಪರದೆಯಲ್ಲೇ ನಿಂತಿತ್ತು. ಲ್ಯಾಬ್ ಮೇಷ್ಟ್ರು ಆ ಪರದೆಯಲ್ಲೇ ಆಜ್ಞೆ ಟೈಪ್ ಮಾಡಿ, ನೆಟ್‌ವರ್ಕ್ ವಿಳಾಸ ಕೊಟ್ಟು ಎಬ್ಬಿಸಿದರು. ತಾವು ಸಂಜೆ ಕಾಲೇಜಿನಲ್ಲಿ ಕಲಿತ ವಿದ್ಯೆ ಕೈಹಿಡಿಯಿತು ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುತ್ತಿದ್ದ ಹೆಂಗಸಿನ ಪರದೆಯಿಂದ ಪ್ರಶ್ನೆಪತ್ರಿಕೆ ಮಾಯವಾಯಿತು.

“ಏನಮ್ಮಾ ಒತ್ತಿದೆ?”

“ಏನೂ ಇಲ್ಲ ಸಾರ್. ಇಷ್ಟೊತ್ತು ಬರ್ದಿದ್ದೆಲ್ಲ ಹೋಯ್ತು. ವಯಸ್ಸು ಮೀರ್ತಾ ಇದೆ, ಇದೇ ಕೊನೇ ಸಲ.”

“ಒತ್ತದೆ ತಾನಾಗೇ ಹೋಗುತ್ತಾ? ಮನೆ ಟೀವಿ ರಿಮೋಟ್ ಅಂದ್ಕೊಂಡ್ಯಾ?”

ಎಲ್ಲರೂ ನಕ್ಕರು. ಮೇಷ್ಟ್ರು ಬಗ್ಗಿ ಅವಳ ಕಂಪ್ಯೂಟರಿನ ವಿಳಾಸ ನೋಡಿದರು. ಮೂಲೆಯದಕ್ಕೆ ಈಗಷ್ಟೇ ತಾವು ಕೊಟ್ಟದ್ದೂ ಅದೇ. ಒಂದೇ ವಿಳಾಸ ಎರಡಕ್ಕಿದ್ದರೆ ಒಂದರ ಸಂಪರ್ಕ ಕಡಿಯುತ್ತದೆ. ಅವರ ಕಿವಿ ಬಿಸಿಯಾಯಿತು. ಹೇಳಿಬಿಡಲು ಬಾಯಿ ತೆರೆದರು.

“ತಪ್ಪಾಯ್ತು ಸಾರ್,” ಅವಳೇ ಕೈಮುಗಿದಳು. “ಗೊತ್ತಿಲ್ದೆ ಏನೋ ಒತ್ತಿರ್ಬೇಕು.”

“ಹೋಗ್ಲಿ ಬಿಡಿ, ಇನ್ಮೇಲಾದ್ರೂ ಹುಷಾರಾಗಿರಿ,” ಎಂದರು ಮೇಷ್ಟ್ರು.