ಕೇಳಿದವರ ಪಾಲು

ಗ್ರಂಥಾಲಯದ ಮಹಡಿಯಲ್ಲಿ, ಸಂಜೆಬಿಸಿಲು ಬಿದ್ದ ಮೇಜಿನ ಮೇಲೆ, ಓದಿ ಮುಗಿದ ಹಾಳೆಗಳು ಬರಿದಾಗಿ ಮಲಗಿದ್ದವು. ಗಟ್ಟಿಯಾಗಿ ಓದಿದ ಕವಿತೆ ಹಾಳೆಯಿಂದಲೂ ಕವಿಯ ನೆನಪಿನಿಂದಲೂ ಅಳಿದು ಕೇಳಿದವರಲ್ಲಷ್ಟೇ ಉಳಿಯುತ್ತಿತ್ತು. ಹಾಗಾಗಿ ಧಾರವಾಡದ ಕವಿಗಳು ತಿಂಗಳಿಗೊಮ್ಮೆ ಕೂಡಿ ಒಬ್ಬರ ಕವಿತೆಯನ್ನೊಬ್ಬರು ಕೇಳಿ ಕಾಪಾಡುತ್ತಿದ್ದರು. ವೃದ್ಧ ಗುರುಪಾದಪ್ಪನವರು ಮಾತ್ರ, ತೀರಿಹೋದ ಮಡದಿಯ ಕುರಿತ ಕವಿತೆಯನ್ನು ಯಾರಿಗೂ ಓದದೆ ತಮ್ಮಲ್ಲೇ ಇಟ್ಟುಕೊಂಡಿದ್ದರು.

“ನೀವು ಹೋದ್ರ ಅದೂ ನಿಮ್ಮ ಕೂಡನ ಹೋಗ್ತದ್ರಿ, ಸರ,” ಎಂದಳು ಕಿರಿಯ ಕವಯಿತ್ರಿ ಶಾಂತಲಾ.

ಅವರು ಜೇಬಿನಿಂದ ಹಾಳೆ ತೆಗೆದು ನಿಧಾನವಾಗಿ ಓದಿದರು. ಹಾಳೆ ಬರಿದಾಯಿತು.

“ಯಾರ ಮ್ಯಾಲಿತ್ತು?” ಎಂದು ಕೇಳಿದರು ಗುರುಪಾದಪ್ಪನವರು.

“ನಿಮ್ಮ ಮನ್ಯಾಗಿನವರ ಮ್ಯಾಲ್ರಿ.”

“ಚಲೋ ಇತ್ತೇನವ್ವಾ, ಇಲ್ಲಾ ನನ್ನ ವಯಸ್ಸು ನೋಡಿ ಅಳಾಕತ್ತೀಯೇನು?”

“ಭಾಳ ಚಲೋ ಇತ್ತು.”

“ಹಂಗಾರ ಅಕಿ ಇನ್ನ ನಿಮ್ಮಲ್ಲೇ ಇರ್ಲಿ,” ಎಂದು ಅವರು ಹೊರಟರು. ಬಾಗಿಲು ಅವರ ಹಿಂದೆ ಮೆಲ್ಲಗೆ ಮುಚ್ಚಿಕೊಂಡಿತು.