ಮೇಷ್ಟ್ರು ಬದಲಿಸಿದ ಮಾತು

"ಬರೀರಿ ಮೇಷ್ಟ್ರೇ. ಸಿಯಾಕಿ, ನಿನ್ನ ನೋಡೋಕೆ ನನಗೆ ನೌನೌ ಆಗಿದೆ. ಬಂದುಬಿಡು. ಅಷ್ಟೇ."

ಔಕುಸೊ ಮೇಷ್ಟ್ರ ಪೆನ್ನು ನಿಂತಿತು. ಚಾಪೆಯ ಮೇಲೆ ದಿಂಬಿಗೊರಗಿದ್ದ ಫೆತುವಾವೊಳ ಕಾಲುಗಳು ಬಾತುಕೊಂಡಿದ್ದವು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ತಮ್ಮ ಸಿಯಾಕಿ ಇದ್ದದ್ದು ಎದುರಿನ ಉಪೋಲು ದ್ವೀಪದಲ್ಲಿ. ಬೆಳಿಗ್ಗೆ ದೋಣಿ ಹತ್ತಿದರೆ ಮಧ್ಯಾಹ್ನಕ್ಕೆ ಇಲ್ಲಿ. ಎಂಟು ವರ್ಷದ ಹಿಂದೆ, ಅಪ್ಪ ತೀರಿಕೊಂಡಾಗ, ಮನೆತನದ ಯಜಮಾನಿಕೆ ತಮ್ಮನಿಗಲ್ಲ, ದಾಯಾದಿ ಅಣ್ಣನಿಗೆ ಹೋಗಲಿ ಎಂದು ಅವಳು ತುಂಬಿದ ಸಭೆಯಲ್ಲಿ ಹೇಳಿದ್ದಳು. ಆಮೇಲೆ ಸಿಯಾಕಿ ಈ ಊರಿನ ನೆಲ ತುಳಿದಿರಲಿಲ್ಲ.

"ಅಕ್ಕಾ, ಇದನ್ನ ರೇಡಿಯೊದಲ್ಲಿ ಓದ್ತಾರೆ. ಇಡೀ ಸಮೋವ ಕಿವಿ ಕೊಟ್ಟು ಕೂತಿರ್ತದೆ. 'ಫಿಯಾ' ಅಂತ ಹಾಕ್ಲಾ? ನೋಡಬೇಕು ಅಂತ?"

"ಫಿಯಾ ನೀರಿಗಾಯ್ತು, ನಿದ್ದೆಗಾಯ್ತು. ಲೋಟ ನೀರು ಕುಡಿದ್ರೆ ತೀರೋದು ಅದು. ನೌನೌ ಬಂದವಳಿಗೆ ಊಟ ಸೇರುತ್ತಾ? ಹೇಳಿದ್ದು ಹಾಕಿ. ತಮ್ಮ ನನ್ನವನು, ನಾಚಿಕೆ ನಿಮ್ಮ ಪೆನ್ನಿಗ್ಯಾಕೆ?" ಎಂದು ನಕ್ಕಳು. ನಗು ಕೆಮ್ಮಾಯಿತು.

ಮೇಷ್ಟ್ರು ಬರೆದುಕೊಂಡರು. ಆದರೆ ರೇಡಿಯೊಗೆ ಸಂದೇಶ ಕಳಿಸುವ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಚೀಟಿಯನ್ನು ಮತ್ತೊಮ್ಮೆ ಓದಿದಾಗ ಮನಸ್ಸು ಒಪ್ಪಲಿಲ್ಲ. ಸಭೆಯಲ್ಲಿ ಗಂಡಸರ ಸಮಕ್ಕೆ ಮಾತಾಡಿದ ಹೆಂಗಸು, ಹೀಗೆ ಊರೂರಿಗೆ ಕೇಳುವಂತೆ ಅಂಗಲಾಚುವುದೆ? ದೋಣಿಕಟ್ಟೆಯಲ್ಲಿ ಜನ ಆಡಿಕೊಳ್ಳುತ್ತಾರೆ. ಅವಳ ಮರ್ಯಾದೆ ಉಳಿಯಲಿ ಎಂದೇ ಅವರು ಆ ಒಂದು ಮಾತು ಹೊಡೆದು, ಮೇಲೆ 'ಫಿಯಾ' ಎಂದು ದುಂಡಗೆ ಬರೆದು, ಅದರ ನಕಲನ್ನು ಒಳಗೆ ಕೊಟ್ಟರು.

ಸಂದೇಶ ಸೋಮವಾರ ಸಂಜೆ ಪ್ರಸಾರವಾಯಿತು. ಅಷ್ಟು ಹೊತ್ತಿಗೆ ಫೆತುವಾವೊಗೆ ಜೋಂಪು ಹತ್ತಿತ್ತು, ಅವಳು ಕೇಳಲಿಲ್ಲ. ಮಂಗಳವಾರ ದೋಣಿ ಬಂತು, ಬುಧವಾರವೂ ಬಂತು. ಪ್ರತಿಸಲ ಅವಳು ತಲೆಯೆತ್ತಿ, "ಇಳಿದನಾ?" ಎಂದಳು. ಗುರುವಾರ ದೋಣಿ ಬರುವ ಮೊದಲೇ, ನಸುಕಿನಲ್ಲಿ ತೀರಿಕೊಂಡಳು. ಸೆಕೆಯ ದಿನಗಳು, ಶುಕ್ರವಾರ ಬೆಳಿಗ್ಗೆ ಅಲ್ಲಿನ ವಾಡಿಕೆಯಂತೆ ಮನೆಯ ಮುಂದೆಯೇ ಮಣ್ಣು ಮಾಡಿದರು.

ಅದೇ ಮಧ್ಯಾಹ್ನ ಸಿಯಾಕಿ ಇಳಿದ. ಕೈಯಲ್ಲಿ ಬಾಳೆಲೆಯ ದೊಡ್ಡ ಪೊಟ್ಟಣ. ಒಳಗೆ ಪಾಲೊಲೊ, ವರ್ಷಕ್ಕೊಮ್ಮೆ, ಒಂದೆರಡು ನಸುಕು ಮಾತ್ರ ಸಮುದ್ರದಲ್ಲಿ ಮೇಲೇಳುವ ಹಸಿರು ಹುಳುವಿನ ರಾಶಿ. ಚಿಕ್ಕವಳಿದ್ದಾಗಿನಿಂದ ಅಕ್ಕನಿಗೆ ಅದನ್ನು ತಿನ್ನುವುದೆಂದರೆ ಪ್ರಾಣ. ಹಸಿಮಣ್ಣು ಕಂಡ ಅವನು ಪೊಟ್ಟಣ ಹಿಡಿದುಕೊಂಡೇ ಅದರ ಪಕ್ಕದಲ್ಲಿ ಕೂತ.

"ಎಂಟು ವರ್ಷದ ಮೇಲೆ ಬರಿಗೈಲಿ ಹೇಗೆ ಬರೋದು ಅಂತ ನಿಂತೆ ಮೇಷ್ಟ್ರೇ. ಪಾಲೊಲೊಗೆ ನಾಲ್ಕೇ ದಿನ ಇತ್ತು. ನೋಡಬೇಕು ಅಂದಿದ್ದಾಳೆ, ನಾಲ್ಕು ದಿನ ತಾಳ್ತಾಳೆ ಅಂದ್ಕೊಂಡೆ."

ಮೇಷ್ಟ್ರಿಗೆ ಸುಮ್ಮನಿರಲು ಆಗಲಿಲ್ಲ. ಜೇಬಿನಲ್ಲಿದ್ದ ಚೀಟಿಯ ಕರಡನ್ನು ಬಿಡಿಸಿ ಅವನ ಮುಂದಿಟ್ಟರು. "ಅವಳು ಹೇಳಿದ್ದು ಇದು. ಬದಲಿಸಿದ್ದು ನಾನು. ಬೈಯಪ್ಪಾ, ಹೊಡಿ."

ಸಿಯಾಕಿ ಚೀಟಿಯನ್ನು ಬಹಳ ಹೊತ್ತು ನೋಡಿದ. ಕೂಡಿಸಿ ಕೂಡಿಸಿ ಓದುವವನು ಅವನು. ಆ ಮಾತಿನ ಮೇಲೆ ಬೆರಳಿಟ್ಟು ಎರಡು ಸಲ ತುಟಿ ಆಡಿಸಿದ. ಆಮೇಲೆ ಚೀಟಿಯನ್ನು ಮಡಿಸಿ ಮೇಷ್ಟ್ರ ಕೈಗೇ ವಾಪಸು ಕೊಟ್ಟ.

"ನಿಮ್ಮನ್ನ ಯಾಕೆ ಬೈಲಿ? ಅಕ್ಕ ನೋಡಬೇಕು ಅಂದ್ರೆ ಎದ್ದು ಹೊರಡೋಕೆ, ತಮ್ಮನಿಗೆ ಅದಕ್ಕಿಂತ ದೊಡ್ಡ ಮಾತು ಬೇಕಾಗಿತ್ತಾ?"