ಮೊದಲಿನಿಂದ ಕೊನೆಯವರೆಗೂ

"ಒಂದಲ್ಲ ಒಂದು ದಿನ ನಿನ್ನ ಪಿಟೀಲನ್ನ ಮೊದಲಿಂದ ಕೊನೇವರೆಗೂ ಕೂತು ಕೇಳ್ತೀನಿ, ಪುಟ್ಟಿ," ಎಂದು ಮಂತ್ರಿಯಾಗಿದ್ದ ಅಪ್ಪ ಕಾರಿನ ಕಿಟಕಿಯಿಂದ ಹೇಳಿದಾಗ ಅವಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಅವಳು ನುಡಿಸುತ್ತಿರುವಾಗ ನಡುವೆಯೇ ಎದ್ದು ಹೊರಟಿದ್ದರು; ಅವಳು ಪಿಟೀಲು ಹಿಡಿದೇ ಹಿಂದೆ ಓಡಿ ಬಂದಿದ್ದಳು.

ಈಗ ಅವಳಿಗೆ ನಲವತ್ತೊಂದು. ಜನಸೇವೆಗೂ ಕಲೆಗೂ ದುಡಿದ ಮುತ್ಸದ್ದಿ ಎಂದು ವಿಶ್ವವಿದ್ಯಾಲಯ ಅಪ್ಪನಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಭಾಷಣ ಮುಗಿಸಿ, ಕೆಂಪು ಗೌನಿನಲ್ಲೇ ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಲ್ಲೇ ಸಂಗೀತ ಕಲಿಸುವ ಅವಳ ಪಿಟೀಲಿನೊಂದಿಗೆ ಸಮಾರಂಭ ಮುಗಿಯಬೇಕಿತ್ತು. ಅವಳು ಕಮಾನು ಎತ್ತುವಷ್ಟರಲ್ಲಿ ಅಪ್ಪನ ಕಾರ್ಯದರ್ಶಿ ವೇದಿಕೆ ಹತ್ತಿ ಬಂದು ಪುಟ್ಟ ಡಬ್ಬಿಯೊಂದನ್ನು ಅವಳ ಕೈಗಿಟ್ಟ.

"ಸಾಹೇಬ್ರ ಕಿವಿ ಮಿಷನ್ನು, ಮೇಡಂ. ಮೈಕಿನ ಹತ್ರ ಶಿಳ್ಳೆ ಹೊಡೀತಿತ್ತು, ತೆಗೆದುಬಿಟ್ರು. ನಿಮ್ಮ ಹತ್ರ ಇರ್ಲಿ ಅಂದ್ರು."

"ಈಗ್ಲೇ ವಾಪಸ್ ಕೊಡಿ ಅವ್ರಿಗೆ."

"ಆಗ್ಲೇ ಕೊಡೋಕೆ ಹೋದೆ, ತಗೊಳ್ಲಿಲ್ಲ. ಜನರ ಗೋಳು ಕೇಳಿ ಕೇಳಿ ಕಿವಿ ಸವೆದಿದೆ, ಸ್ವಲ್ಪ ಹೊತ್ತು ಆರಾಮಾಗಿರ್ಲಿ ಬಿಡಯ್ಯಾ ಅಂತ ನಗ್ತಾರೆ."

ಅದಿಲ್ಲದಿದ್ದರೆ ಅಪ್ಪನಿಗೆ ಪಕ್ಕದಲ್ಲಿ ತಟ್ಟೆ ಬಿದ್ದರೂ ಕೇಳಿಸದು. ಅವಳು ಡಬ್ಬಿಯನ್ನು ಎದುರಿಗಿದ್ದ ಸ್ವರಲಿಪಿಯ ಸ್ಟ್ಯಾಂಡಿನ ಮೇಲಿಟ್ಟು ನುಡಿಸಿದಳು. ಅರ್ಧಕ್ಕೆ ಬಂದಾಗ ಕಾರ್ಯದರ್ಶಿ ಅಪ್ಪನತ್ತ ಬಗ್ಗಿ ಕೈಗಡಿಯಾರ ತೋರಿಸಿದ. ಅಪ್ಪ ಅವಳ ಮೇಲಿನ ಕಣ್ಣು ತೆಗೆಯದೆ, ಕೈಯೆತ್ತಿ ಅವನನ್ನು ತಡೆದರು. ಆ ಕೈ ಕಂಡಾಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಬೆರಳುಗಳು ತಮ್ಮ ಪಾಡಿಗೆ ತಂತಿಯ ಮೇಲೆ ಓಡಾಡಿದವು.

ಮುಗಿದಾಗ ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ಕುಲಪತಿಗಳ ಕೈ ನೋಡಿ ಅಪ್ಪನೂ ತಟ್ಟಿದರು. ಕೊಟ್ಟ ಮಾತಿನಂತೆ ಕೊನೆಯವರೆಗೂ ಕೂತಿದ್ದರು.